ಹಳೆಯ ಜ್ವರ, ಹೊಸ ಜ್ವರ

ಚೌತಿಯ ರಜೆಗೆ ಹಾಸ್ಟೆಲಿನ ಹುಡುಗಿಯರೆಲ್ಲ ಬ್ಯಾಗು ತುಂಬಿಸಿಕೊಂಡು ಕೂತಿದ್ದಾಗ ಸಾತ್ವಿಕಾಳಿಗೆ ಜ್ವರ ಬಂತು. ಬೇರೆ ವರ್ಷವಾಗಿದ್ದರೆ ವಾರ್ಡನ್ ಕುಸುಮ ಒಂದು ಮಾತ್ರೆ ಕೊಟ್ಟು, ಗಂಜಿ ಕುಡಿದು ಮಲಗು ಎಂದು ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಅದು ೨೦೦೯ರ ಆಗಸ್ಟ್ ತಿಂಗಳು. ಪುಣೆಯಲ್ಲಿ ಹಂದಿಜ್ವರಕ್ಕೆ ಜನ ಸಾಯುತ್ತಿರುವ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡವರು ಕಾಣಿಸತೊಡಗಿದ್ದರು. ಸಾತ್ವಿಕಾ ಹಿಂದಿನ ವಾರವಷ್ಟೇ ಅಕ್ಕನ ನಿಶ್ಚಿತಾರ್ಥಕ್ಕೆಂದು ಬೆಂಗಳೂರಿಗೆ ಹೋಗಿ ಬಂದಿದ್ದಳು.

ಸಂಜೆಯೊಳಗೆ ಅವಳ ಕೋಣೆಯ ಗೆಳತಿಯರೂ ಮಲಗಿದರು. ಮರುದಿನ ಬೆಳಿಗ್ಗೆ ಮೇಲಿನ ಮಹಡಿಯಲ್ಲೂ ಕೆಮ್ಮು ಕೇಳಿಸಿತು.

ಕುಸುಮ ಆ ಸಣ್ಣ ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. ಹಾಸ್ಟೆಲಿನ ಜವಾಬ್ದಾರಿ ಆಮೇಲೆ ಹೆಗಲಿಗೆ ಬಂದದ್ದು. ಕೆಮ್ಮು ಕೇಳಿ ಅವರಿಗೆ ಮೊದಲು ನೆನಪಾದವಳು ಶಿಫಾನಾ. ಒಂದು ಕಾಲದಲ್ಲಿ ಅವರದೇ ತರಗತಿಯ ಹುಡುಗಿ, ಈಗ ಡಾಕ್ಟರು.

ಶಿಫಾನಾಳ ಮನೆ ಕಕ್ಕಿಂಜೆಯಲ್ಲಿ. ಚಾರ್ಮಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ ಅವಳ ತಂದೆ ಮಹಮ್ಮದ್ ಕುಂಞಿಯವರ ಕೋಳಿ ಅಂಗಡಿ. ಅವಳು ಪಿಯುಸಿಯಲ್ಲಿದ್ದಾಗ ಹಾಂಗ್‌ಕಾಂಗಿನಲ್ಲಿ ಕೋಳಿಜ್ವರ ಮನುಷ್ಯರಿಗೂ ತಗಲಿತೆಂದು, ಅಲ್ಲಿಯ ಮಾರುಕಟ್ಟೆಗಳ ಕೋಳಿಗಳನ್ನೆಲ್ಲ ಕೊಂದುಹಾಕಿದರೆಂದು ಪೇಪರಿನಲ್ಲಿ ಬಂದಿತ್ತು. ಮರುದಿನವೇ ಹುಡುಗಿ ತರಗತಿಯಲ್ಲಿ ಎದ್ದು ನಿಂತಳು.

"ಮೇಡಂ, ಕೋಳಿಗೆ ಬರುವ ಜ್ವರ ಮನುಷ್ಯರಿಗೆ ಹೇಗೆ ಬರ್ತದೆ? ನಮ್ಮ ಅಪ್ಪ ದಿನಾ ಕೋಳಿ ಹಿಡೀತಾರೆ. ಅವರಿಗೆ ಇಷ್ಟರವರೆಗೆ ಎಂತದೂ ಬರ್ಲಿಲ್ಲ."

ಕುಸುಮರಿಗೆ ಉತ್ತರ ಗೊತ್ತಿರಲಿಲ್ಲ. ಪಾಠದಲ್ಲಿ ಇಲ್ಲ, ಕೂತ್ಕೋ ಎಂದು ಹೇಳಬಹುದಿತ್ತು. ಅವರು ಹಾಗೆ ಹೇಳದೆ, "ನನಗೂ ಗೊತ್ತಿಲ್ಲ. ಹುಡುಕುವ" ಎಂದರು. ಒಂದು ಶನಿವಾರ ಇಬ್ಬರೂ ಮಂಗಳೂರಿಗೆ ಹೋಗಿ, ಒಂದು ಗ್ರಂಥಾಲಯದಲ್ಲಿ ಕೂತು ದಪ್ಪ ದಪ್ಪ ಪುಸ್ತಕ ತಿರುವಿ ಹಾಕಿದರು. ವೈರಸ್ಸಿನ ಮೈಮೇಲೆ ಮುಳ್ಳುಗಳಿರುತ್ತವೆ. ಅವು ನಮ್ಮ ಜೀವಕೋಶದ ಮೇಲಿನ ಸಕ್ಕರೆಯ ಕಣಕ್ಕೆ ಅಂಟಿಕೊಂಡರಷ್ಟೇ ವೈರಸ್ಸಿಗೆ ಒಳಗೆ ದಾರಿ. ಹಕ್ಕಿಯ ಕರುಳಿನಲ್ಲಿರುವ ಸಕ್ಕರೆ ಒಂದು ಬಗೆ, ಮನುಷ್ಯನ ಗಂಟಲಿನದು ಇನ್ನೊಂದು ಬಗೆ. ಆದ್ದರಿಂದ ಹಕ್ಕಿಯ ಜ್ವರ ಸಾಮಾನ್ಯವಾಗಿ ಹಕ್ಕಿಯಲ್ಲೇ ಉಳಿಯುತ್ತದೆ. ಆದರೆ ಹಂದಿಯ ಶ್ವಾಸನಾಳದಲ್ಲಿ ಎರಡು ಬಗೆಯ ಸಕ್ಕರೆಯೂ ಇದೆ ಎಂದು ಆ ಪುಸ್ತಕ ಹೇಳಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಶಿಫಾನಾ ಮೂಡುಬಿದಿರೆಯವರೆಗೂ ಹಂದಿಯ ಗಂಟಲಿನ ಬಗ್ಗೆಯೇ ಮಾತಾಡಿದಳು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಮುಂದೆ ಅವಳು ಎಂಬಿಬಿಎಸ್ ಮುಗಿಸಿದಳು. ಜೊತೆಯವರು ಕ್ಲಿನಿಕ್ ತೆರೆದರು, ಕೆಲವರು ದುಬೈಗೆ ಹೋದರು. ಅವಳು ಮಾತ್ರ ಸೂಕ್ಷ್ಮಜೀವಿಗಳನ್ನೇ ಹಿಡಿದುಕೊಂಡು ಎಂಡಿ ಓದಿ, ಕರಾವಳಿಯ ಒಂದು ಪ್ರಯೋಗಾಲಯ ಸೇರಿದಳು. ಅಲ್ಲಿಂದ ಐಸ್ ಪೆಟ್ಟಿಗೆ ಹಿಡಿದುಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಆಸ್ಪತ್ರೆ ಕ್ಲಿನಿಕ್ಕುಗಳನ್ನು ಸುತ್ತಿ, ಜ್ವರದವರ ಗಂಟಲಿನ ದ್ರವ ತೆಗೆಯುವುದು ಅವಳ ಕೆಲಸವಾಯಿತು.

"ಇಷ್ಟು ಓದಿ ಊರವರ ಗಂಟಲಿಗೆ ಕಡ್ಡಿ ಹಾಕ್ತಾ ತಿರುಗ್ತೀಯಲ್ಲ ಮಾರಾಯ್ತಿ" ಎಂದು ಕುಸುಮ ಒಮ್ಮೆ ತಮಾಷೆ ಮಾಡಿದ್ದರು.

ಅವಳು ನಗಲಿಲ್ಲ. "ಒಂದು ಮಳೆಗಾಲದ ಜ್ವರ ಮುಂದಿನ ಮಳೆಗಾಲಕ್ಕೆ ಅದೇ ಆಗಿರುವುದಿಲ್ಲ ಮೇಡಂ. ಅದು ತನ್ನನ್ನು ತಾನು ನಕಲು ಮಾಡುವಾಗ ಅಕ್ಷರ ತಪ್ಪು ಬರೀತದೆ. ಹೆಚ್ಚಿನ ತಪ್ಪು ಅದಕ್ಕೇ ನಷ್ಟ. ಆದರೆ ಎಲ್ಲೋ ಒಂದು ತಪ್ಪಿನಿಂದ ಅದರ ಮುಖ ಸ್ವಲ್ಪ ಬದಲಾಗ್ತದೆ, ನಮ್ಮ ಮೈಗೆ ಗುರುತು ಸಿಗುವುದಿಲ್ಲ. ಹಾಗೆ ತಪ್ಪು ಮಾಡಿ ಮಾಡಿಯೇ ಅದು ಬದುಕುವುದು. ಎಂಥ ಬುದ್ಧಿ ನೋಡಿ, ಬುದ್ಧಿಯೇ ಇಲ್ಲದ ಒಂದು ವಸ್ತುವಿಗೆ!"

ಅದೇ ವರ್ಷದ ಜುಲೈಯಲ್ಲಿ ಹಾಸ್ಟೆಲಿನ ಕೆಲವು ಹುಡುಗಿಯರಿಗೆ ಜ್ವರ ಬಂದಾಗಲೂ ಅವಳು ಬಂದು ದ್ರವ ತೆಗೆದುಕೊಂಡು ಹೋಗಿದ್ದಳು. ಕೆಲವು ವರ್ಷಗಳಿಂದ ತಿರುಗಾಡುತ್ತಿದ್ದ ಹಳೆಯ ಜಾತಿಯ ವೈರಸ್ಸು ಅದು, ಹೆದರುವುದೇನೂ ಇಲ್ಲ ಎಂದು ಹೇಳಿದ್ದಳು.

ಈಗ ಕುಸುಮ ಫೋನ್ ಮಾಡಿದ ಕೂಡಲೇ ಹೊರಟು ಮಧ್ಯಾಹ್ನದ ಒಳಗೆ ಬಂದಳು. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್. ಜ್ವರದವರ ಗಂಟಲಿನ ದ್ರವ ತೆಗೆದಳು. ಅಡುಗೆಯ ಪೂವಮ್ಮನನ್ನೂ ಕರೆದು, "ಅಜ್ಜೀ, ನಿಮ್ಮದು ಸ್ವಲ್ಪ ರಕ್ತ ಬೇಕಿತ್ತು. ಪ್ರಾಯ ಆದವರ ರಕ್ತ ನೋಡ್ಲಿಕ್ಕುಂಟು" ಎಂದಳು. ಎಪ್ಪತ್ತು ದಾಟಿದ ಪೂವಮ್ಮ ಸೆರಗು ಸರಿಸಿ ತೋಳು ಚಾಚಿದರು. "ತಕೋ ಮಗಾ. ಈ ಮುದುಕಿಯಲ್ಲಿ ಇನ್ನು ಎಷ್ಟು ಉಂಟೋ!"

ಮರುದಿನ ಉತ್ತರ ಬಂತು. ಜುಲೈಯ ಜ್ವರ ಅಲ್ಲ, ಇದು ಹೊಸದು.

ಕಾಲೇಜಿನ ಸಂಚಾಲಕ ಜಿನರಾಜ ಹೆಗ್ಡೆಯವರು ಕೂಡಲೇ ಸಭೆ ಕರೆದರು. ಸಭೆಯೆಂದರೆ ಅವರು, ಕುಸುಮ ಮತ್ತು ಶಿಫಾನಾ. ಹೆಗ್ಡೆಯವರು ಒಳ್ಳೆಯ ಮನುಷ್ಯ. ಹುಡುಗಿಯರ ಹೆಸರು ಹಿಡಿದು ಮಾತಾಡಿಸುವವರು.

"ಹೇಗೂ ಚೌತಿ ರಜೆ ಉಂಟು. ಎಲ್ಲರನ್ನೂ ಇವತ್ತೇ ಊರಿಗೆ ಕಳಿಸುವ. ಅವರವರ ಮನೆಯಲ್ಲಿ ಅವರವರ ಅಪ್ಪ ಅಮ್ಮ ನೋಡಿಕೊಳ್ತಾರೆ" ಎಂದರು.

ಕುಸುಮರೂ ಇದೇ ಮಾತು ಹೇಳಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿದ್ದರು. ಅಷ್ಟರಲ್ಲಿ ಶಿಫಾನಾ ಬಾಯಿ ತೆರೆದಳು.

"ಸರ್, ಇವತ್ತು ಕಳಿಸಿದ್ರೆ ಜ್ವರ ಇಲ್ಲದವರೂ ಜ್ವರ ತಕೊಂಡೇ ಹೋಗ್ತಾರೆ. ಇವತ್ತು ಒಳಗೆ ಸೇರಿದ್ದು ಗೊತ್ತಾಗ್ಲಿಕ್ಕೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ಅವರು ಬಸ್ಸಿನಲ್ಲಿರ್ತಾರೆ. ಮಳೆಗೆ ಬಸ್ಸಿನ ಕಿಟಕಿ ಎಲ್ಲ ಮುಚ್ಚಿರ್ತದೆ. ಘಾಟಿ ಹತ್ತುವ ಮೊದಲು ಕಕ್ಕಿಂಜೆಯಲ್ಲಿ ಚಾ ಕುಡಿಲಿಕ್ಕೆ ನಿಲ್ಲಿಸ್ತಾರೆ, ನಮ್ಮ ಅಪ್ಪನ ಅಂಗಡಿ ಎದುರೇ. ಆಚೆಗೆ ಚಿಕ್ಕಮಗಳೂರು, ಹಾಸನ, ದಾವಣಗೆರೆ. ಹಬ್ಬದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ತಾರೆ. ಬಸುರಿ ಅಕ್ಕಂದಿರು ಇರ್ತಾರೆ, ಸಣ್ಣ ಮಕ್ಕಳಿರ್ತಾರೆ. ಅವರಿಗೇ ಇದು ಹೆಚ್ಚು ಕಷ್ಟ ಕೊಡುವುದು."

"ಇಲ್ಲಿಟ್ಟುಕೊಂಡು ಒಂದು ಮಗುವಿಗೆ ಏನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ ಡಾಕ್ಟ್ರೆ?"

ಕುಸುಮ ಶಿಫಾನಾಳ ಮುಖ ನೋಡಿದರು. ಏನೂ ಆಗುವುದಿಲ್ಲ ಸರ್ ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಮಾತು ಮುಗಿಯುತ್ತಿತ್ತು. ಅವಳು ಹೇಳಲಿಲ್ಲ.

"ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ ಸರ್. ಹೆಚ್ಚಿನವರಿಗೆ ಸಾಧಾರಣ ಜ್ವರದ ಹಾಗೆ ಬಂದು ಹೋಗ್ತದೆ. ಒಬ್ಬಿಬ್ಬರಿಗೆ ಜೋರಾಗಬಹುದು. ಆದರೆ ಊರಿಗೆ ಹೋದ್ರೂ ಅದು ಜೋರಾಗ್ತದೆ, ಅಲ್ಲಿ ನೋಡುವವರಿಗೆ ಇದು ಯಾವ ಜ್ವರ ಅಂತ ಗೊತ್ತಿರುವುದಿಲ್ಲ. ಇಲ್ಲಿ ನನಗೆ ಗೊತ್ತುಂಟು. ಜಿಲ್ಲಾ ಆಸ್ಪತ್ರೆಯಿಂದ ಮಾತ್ರೆ ತರಿಸ್ತೇನೆ. ಜ್ವರ ಇಳಿಯುವವರೆಗೆ ಇಲ್ಲಿಯೇ ಉಳೀತೇನೆ."

ಹೆಗ್ಡೆಯವರು ಕುಸುಮರ ಕಡೆ ತಿರುಗಿದರು. "ನೀವು ಎಂತ ಹೇಳ್ತೀರಿ ಮೇಡಂ?"

ಕುಸುಮ, "ಇಲ್ಲಿಯೇ ಇರ್ಲಿ ಸರ್" ಎಂದರು. ಹೇಳಿದ ಮೇಲೆ ತಮ್ಮ ಧ್ವನಿ ತಮಗೇ ಬೇರೆಯವರದೆಂಬಂತೆ ಕೇಳಿಸಿತು.

ಹುಡುಗಿಯರು ಅತ್ತರು. ಮನೆಗಳಿಂದ ಫೋನಿನ ಮೇಲೆ ಫೋನು ಬಂತು. ಬಂಟ್ವಾಳದ ಕಡೆಯ ಸುಬ್ಬಯ್ಯ ಎಂಬವರು ಮಗಳನ್ನು ಕರೆದುಕೊಂಡೇ ಹೋಗುವುದೆಂದು ಜೀಪು ತಂದು ಗೇಟಿನ ಎದುರು ನಿಲ್ಲಿಸಿದರು. ಶಿಫಾನಾ ಗೇಟಿನ ಈಚೆ ನಿಂತು, "ಕರ್ಕೊಂಡು ಹೋಗುವುದಾದ್ರೆ ನಾನು ತಡೆಯುವುದಿಲ್ಲ. ಮನೆಯಲ್ಲಿ ಯಾರೆಲ್ಲ ಇದ್ದಾರೆ, ಅದೊಂದು ಹೇಳಿ" ಎಂದು ಕೇಳಿದಳು. ಸುಬ್ಬಯ್ಯ ಸಿಟ್ಟಿನಿಂದಲೇ ಹೇಳತೊಡಗಿದರು. ತಾಯಿ, ಹೆಂಡತಿ, ಬಾಣಂತಿ ಸೊಸೆ, ಎಳೆಯ ಮಗು. ಅಲ್ಲಿಗೆ ಬರುವಾಗ ಅವರ ಮಾತು ತಾನಾಗಿ ನಿಂತಿತು. ಮಗಳನ್ನು ಕಿಟಕಿಯಲ್ಲಿ ನೋಡಿ, ಬಾಳೆಹಣ್ಣಿನ ಗೊನೆಯನ್ನು ಗೇಟಿನಲ್ಲಿಟ್ಟು ಜೀಪು ತಿರುಗಿಸಿದರು.

ಊಟದ ಹಾಲ್‌ನ ಮೇಜುಗಳನ್ನು ಹೊರಗಿಟ್ಟು ಜ್ವರದವರಿಗೆ ಚಾಪೆ ಹಾಸಿಗೆ ಹಾಸಿದರು. ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಕೆಲಸದವರಲ್ಲಿ ಹೆಚ್ಚಿನವರು ಹೆದರಿ ಬರುವುದು ನಿಲ್ಲಿಸಿದರು. ಬಿಸಿನೀರು, ಗಂಜಿ ಕೊಡುವವರು ಯಾರು ಎಂದು ಕುಸುಮ ಯೋಚಿಸುತ್ತಿರುವಾಗ ಪೂವಮ್ಮ ಕೊಡಪಾನ ಹಿಡಿದು ಒಳಗೆ ಹೊರಟೇ ಬಿಟ್ಟಿದ್ದರು.

ಶಿಫಾನಾ ಅಡ್ಡ ನಿಂತಳು. "ಅಜ್ಜೀ, ನಿಲ್ಲಿ. ಈ ಜ್ವರ ಪ್ರಾಯ ಆದವರಿಗೆ ಕಡಿಮೆ ತಗಲ್ತದೆ ಅಂತ ಬೇರೆ ದೇಶದವರು ಹೇಳ್ತಾ ಇದ್ದಾರೆ. ಇದರ ಹಳೆಯ ಸಂಬಂಧಿ ಒಂದು ನೀವು ಸಣ್ಣವರಿದ್ದಾಗ ಇತ್ತು. ಅದು ಬಂದು ಹೋಗಿದ್ರೆ ನಿಮ್ಮ ಮೈ ಇದನ್ನು ಸ್ವಲ್ಪ ಗುರುತು ಹಿಡಿದೀತು. ಆದರೆ ಅದು ಖಾತ್ರಿ ಅಲ್ಲ. ತಗಲಿದ್ರೆ ಈ ಪ್ರಾಯದಲ್ಲಿ ಕಷ್ಟ."

"ನಾನು ಸಣ್ಣವಳಿದ್ದಾಗ ಬಾರದ ಜ್ವರ ಯಾವುದುಂಟು ಮಗಾ?" ಎಂದರು ಪೂವಮ್ಮ. "ಮಾಸ್ಕ್ ಕೊಡು, ಕಟ್ಟಿಕೊಳ್ತೇನೆ. ಗಂಜಿ ತಣಿಯುತ್ತದೆ."

ಕುಸುಮ, ಪೂವಮ್ಮ, ಶಿಫಾನಾ. ಅಷ್ಟು ಹುಡುಗಿಯರಿಗೆ ಈ ಮೂವರು. ಶಿಫಾನಾ ಹೊತ್ತು ಹೊತ್ತಿಗೆ ಎಲ್ಲರ ಉಸಿರು ನೋಡುತ್ತಿದ್ದಳು. ಮಾತಾಡಿಸುತ್ತ ನೋಡುತ್ತಿದ್ದುದರಿಂದ ಹುಡುಗಿಯರಿಗೆ ಅದು ತಪಾಸಣೆಯೆಂದೇ ಅನಿಸುತ್ತಿರಲಿಲ್ಲ.

ಚೌತಿಯ ದಿನ ಮಧ್ಯಾಹ್ನ, ಪೂವಮ್ಮ ಎಲ್ಲರಿಗೂ ಒಂದೊಂದು ಕಡುಬು ಹಂಚುತ್ತಿರುವಾಗ, ಸಾತ್ವಿಕಾ ಬೇಡವೆಂದು ತಲೆ ಅಲ್ಲಾಡಿಸಿದಳು. ಹಿಂದಿನ ದಿನ ಜ್ವರ ಇಳಿದಿತ್ತು, ನಕ್ಕಿದ್ದಳು. ಈಗ ಮಾತು ಅರ್ಧಕ್ಕೆ ತುಂಡಾಗುತ್ತಿತ್ತು. ಶಿಫಾನಾ ಅವಳ ಉಗುರಿನ ಬಣ್ಣ ನೋಡಿದಳು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು. ಎದ್ದವಳೇ, "ಮೇಡಂ, ಸರ್‌ನ ಕಾರು ತರಿಸಿ. ಮಂಗಳೂರಿಗೆ ಹೋಗ್ಬೇಕು, ಈಗಲೇ" ಎಂದಳು.

ಕಾರು ಹೋದ ಮೇಲೆ ಕುಸುಮ ಅಂಗಳದಲ್ಲಿ ನಿಂತೇ ಇದ್ದರು. ಸಾತ್ವಿಕಾಳ ತಂದೆಗೆ ಫೋನಿನಲ್ಲಿ ವಿಷಯ ಹೇಳಿದರು, ಅವರು ಕೂಡಲೇ ಮಂಗಳೂರಿಗೆ ಹೊರಟರು. ಅಂದು ಇರಲಿ ಎಂದು ಹೇಳಿದ ತಮ್ಮ ನಾಲಿಗೆಯನ್ನು ಕುಸುಮ ಎಷ್ಟು ಸಲ ಶಪಿಸಿಕೊಂಡರೋ. ಕಳಿಸಿದ್ದರೆ ಈ ಹುಡುಗಿ ತಾಯಿಯ ಮಡಿಲಲ್ಲಿರುತ್ತಿದ್ದಳು ಎಂದು ಒಂದು ಮನಸ್ಸು. ಕಳಿಸಿದ್ದರೆ ಜ್ವರ ಇಳಿಯಿತೆಂದು ಎಲ್ಲರೂ ಹಬ್ಬದ ಗಡಿಬಿಡಿಯಲ್ಲಿರುವಾಗ ಒಳಕೋಣೆಯಲ್ಲಿ ಒಬ್ಬಳೇ ಉಸಿರಿಗೆ ಒದ್ದಾಡುತ್ತಿದ್ದಳು ಎಂದು ಇನ್ನೊಂದು ಮನಸ್ಸು.

ಸಾತ್ವಿಕಾಳಿಗೆ ಆಮ್ಲಜನಕ ಕೊಟ್ಟರು. ಶಿಫಾನಾ ಆಸ್ಪತ್ರೆಯಲ್ಲೂ ಹಾಸ್ಟೆಲಿನಲ್ಲೂ ಓಡಾಡಿದಳು. ಶ್ವಾಸಕೋಶ ಪೂರ್ತಿ ಹಿಡಿಯುವ ಮೊದಲೇ ತಂದರು, ಅರ್ಧ ದಿನ ತಡವಾಗಿದ್ದರೂ ಹೇಳಲಾಗುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹುಡುಗಿಯ ತಂದೆಗೆ ಹೇಳಿದರಂತೆ. ವಾರದೊಳಗೆ ಸಾತ್ವಿಕಾ ಎದ್ದು ಕೂತು ಆ ತಪ್ಪಿದ ಕಡುಬನ್ನು ಕೇಳಿದಳು.

ಆ ಸುದ್ದಿ ತಂದ ದಿನವೇ ಶಿಫಾನಾಳ ಕಣ್ಣು ಕೆಂಪಾಗಿತ್ತು. ರಂಜಾನ್ ಉಪವಾಸದ ದಿನಗಳು. ಸುಸ್ತೆಂದು ಕುಸುಮ ಅಂದುಕೊಂಡರು. ಅವಳು ಹಾಲ್‌ನ ಮೂಲೆಯ ಕನ್ನಡಿಯ ಎದುರು ಬಾಯಿ ತೆರೆದು, ತನ್ನ ಗಂಟಲಿಗೆ ತಾನೇ ಕಡ್ಡಿ ಹಾಕಿ, ಸೀಸೆಗೆ ಮುಚ್ಚಳ ಹಾಕಿದಳು. "ಬಂತು ಮೇಡಂ" ಎಂದಳು, ಬರಬೇಕಾಗಿದ್ದ ನೆಂಟರು ಬಂದರೆಂಬಂತೆ. ಹುಡುಗಿಯರ ಸಾಲಿನಲ್ಲಿಯೇ ಒಂದು ಚಾಪೆ ಹಾಸಿಕೊಂಡು ಮಲಗಿದಳು. ಪೂವಮ್ಮ ಗಂಜಿ ಹಿಡಿದು ಬಂದು ಪಕ್ಕದಲ್ಲಿ ಕೂತರು. "ಕಾಯಿಲೆಯವರಿಗೆ ಉಪವಾಸ ಇಲ್ಲ, ನನಗೂ ಗೊತ್ತುಂಟು. ಕುಡಿ" ಎಂದು ಗದರಿಸಿ ಕುಡಿಸಿದರು.

ಜ್ವರ ಸ್ವಲ್ಪ ಇಳಿದ ಸಂಜೆ ಪಕ್ಕದ ಚಾಪೆಯ ಹುಡುಗಿಯೊಬ್ಬಳು ಕೇಳಿದಳು. "ಡಾಕ್ಟ್ರೆ, ನನಗೆ ಜುಲೈಯಲ್ಲಿಯೂ ಜ್ವರ ಬಂದಿತ್ತು. ಮತ್ತೆ ಯಾಕೆ ಬಂತು? ಇದು ಹಂದಿಯದ್ದಾ, ನಮ್ಮದಾ?"

ಶಿಫಾನಾ ಗೋಡೆಗೆ ಒರಗಿ ಕೂತಳು. "ನಿಮ್ಮ ಕೋಣೆಯಲ್ಲಿ ಒಬ್ಬಳ ಚೂಡಿದಾರದ ಟಾಪು, ಇನ್ನೊಬ್ಬಳ ಪ್ಯಾಂಟು, ಮತ್ತೊಬ್ಬಳ ಶಾಲು ಹಾಕಿಕೊಂಡು ಕಾಲೇಜಿಗೆ ಹೋಗ್ತೀರಲ್ವಾ? ದೂರದಿಂದ ನೋಡಿದ್ರೆ ಮೇಡಂಗೆ ಗುರುತು ಸಿಗ್ತದಾ?"

ಹುಡುಗಿಯರು ಕುಸುಮರ ಕಡೆ ನೋಡಿ ನಕ್ಕರು.

"ಈ ವೈರಸ್ಸೂ ಹಾಗೆಯೇ. ಅದರ ಒಳಗೆ ಎಂಟು ತುಂಡು. ಬೇರೆ ಬೇರೆ ಎರಡು ವೈರಸ್ಸು ಒಂದೇ ಹಂದಿಯ ಒಂದೇ ಜೀವಕೋಶಕ್ಕೆ ನುಗ್ಗಿದ್ರೆ, ಹೊರಗೆ ಬರುವಾಗ ತುಂಡುಗಳು ಅದಲು ಬದಲು. ಇದರ ಕೆಲವು ತುಂಡು ಹಕ್ಕಿಯಿಂದ, ಒಂದು ಮನುಷ್ಯರಿಂದ, ಉಳಿದದ್ದು ಎರಡು ಖಂಡದ ಹಂದಿಗಳಿಂದ ಬಂದದ್ದು. ಎಷ್ಟೋ ವರ್ಷ ಹಂದಿಗಳ ಒಳಗೇ ಸುತ್ತಿ ಸುತ್ತಿ ಒಂದು ಹೊಸ ವೇಷ ಆಯ್ತು. ಮೆಕ್ಸಿಕೋದ ಕಡೆಯಿಂದ ಹೊರಟದ್ದು ಕೆಲವೇ ತಿಂಗಳಲ್ಲಿ ನಿನ್ನ ಚಾಪೆಗೆ ಬಂದು ಮುಟ್ಟಿತು. ಜುಲೈಯ ಜ್ವರವನ್ನು ನೋಡಿದ ನಿನ್ನ ಮೈಗೆ ಇದರ ಗುರುತೇ ಸಿಗ್ಲಿಲ್ಲ."

ಕುಸುಮ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಜೀವವಿಕಾಸವನ್ನು ಅವರು ವರ್ಷಾನುಗಟ್ಟಲೆ ಕಲಿಸಿದ್ದರು. ದೂರದ ದ್ವೀಪಗಳ ಹಕ್ಕಿಗಳ ಕೊಕ್ಕು, ಲಕ್ಷಾಂತರ ವರ್ಷ, ಪರೀಕ್ಷೆಗೆ ಐದು ಅಂಕ. ಅದು ಹೀಗೆ ತಮ್ಮ ಊಟದ ಹಾಲ್‌ನಲ್ಲಿ ಮಲಗಿ ಕೆಮ್ಮುತ್ತದೆಂದು ಅವರು ಎಣಿಸಿರಲಿಲ್ಲ. ಅದಕ್ಕಿಂತ ಹೆಚ್ಚು ಬೆರಗಾದದ್ದು ಈ ಹುಡುಗಿಯನ್ನು ನೋಡಿ. ಜ್ವರ ಪೂರ್ತಿ ಬಿಟ್ಟಿಲ್ಲ, ಬೆವರಿಗೆ ತಲೆವಸ್ತ್ರ ಅಂಟಿಕೊಂಡಿದೆ, ತನ್ನನ್ನು ಕೆಡವಿದ್ದರ ಬಗ್ಗೆ ಅಷ್ಟು ಪ್ರೀತಿಯಿಂದ ಮಾತಾಡುತ್ತಿದ್ದಾಳೆ. ನಾನು ಇವಳಿಗೆ ಕಲಿಸಿದ್ದೇನು ಎಂದು ಯೋಚಿಸಿದರೆ, ನನಗೆ ಗೊತ್ತಿಲ್ಲ ಎಂಬ ಒಂದು ಮಾತು ಮಾತ್ರ ನೆನಪಾಯಿತು. ಅಷ್ಟಾದರೂ ಕಲಿಸಿದೆನಲ್ಲ ಎಂದು ಕುಸುಮರಿಗೆ ಸಂತೋಷವಾಯಿತು.

ಸೆಪ್ಟೆಂಬರಿನ ಹೊತ್ತಿಗೆ ಊಟದ ಹಾಲ್ ಖಾಲಿಯಾಗಿ ಮೇಜುಗಳು ಒಳಗೆ ಬಂದವು. ಹುಡುಗಿಯರೆಲ್ಲ ಗುಣವಾದ ಮೇಲೆಯೇ ಊರಿಗೆ ಹೋಗಿ ಬಂದರು. ಜ್ವರ ಬೇರೆ ದಾರಿಗಳಿಂದ ಆ ಊರುಗಳಿಗೂ ಹೋಯಿತು, ಅದು ಬೇರೆ ಮಾತು. ಆದರೆ ಆ ಹಬ್ಬದ ಬಸ್ಸುಗಳಲ್ಲಿ ಇವರಿಂದ ಹೋಗಲಿಲ್ಲ. ಪೂವಮ್ಮನಿಗೆ ಒಂದು ಸೀನೂ ಬರಲಿಲ್ಲ. ಅವರು ಜ್ವರದವರ ಹಾಲ್‌ಗೆ ಕಾಲಿಡುವ ಮೊದಲೇ ತೆಗೆದಿದ್ದ ರಕ್ತದಲ್ಲಿ ಈ ಹೊಸ ವೈರಸ್ಸನ್ನು ಹಿಡಿಯಬಲ್ಲ ಪ್ರತಿಕಾಯಗಳು ಇದ್ದವೆಂದು ಶಿಫಾನಾ ಆಮೇಲೆ ತಿಳಿಸಿದಳು. ಯಾವುದೋ ಬಾಲ್ಯದ ಮಳೆಗಾಲದ ಜ್ವರ ಅವರ ಮೈಯಲ್ಲಿ ಅರವತ್ತು ಚಿಲ್ಲರೆ ವರ್ಷ ಕಾವಲು ಕೂತಿತ್ತು. "ನಮ್ಮ ಅಮ್ಮ ಆಗ ಕರಿಮೆಣಸಿನ ಕಷಾಯ ಕೊಟ್ಟಿದ್ದರು, ಅದರ ಶಕ್ತಿ" ಎಂದರು ಪೂವಮ್ಮ. ಶಿಫಾನಾ ವಾದ ಮಾಡಲಿಲ್ಲ.

ಡಿಸೆಂಬರಿನಲ್ಲಿ ಅವಳು ಇನ್ನೊಂದು ಸುದ್ದಿ ತಂದಳು.

"ಮೇಡಂ, ಜುಲೈಯ ಆ ಹಳೆಯ ಜಾತಿ ಸಿಗುವುದೇ ಇಲ್ಲ. ಬೆಳ್ತಂಗಡಿಯಲ್ಲಿ ಮೊದಲೇ ನಿಂತಿತ್ತು. ಬಂಟ್ವಾಳದಲ್ಲಿ ಸ್ವಲ್ಪ ಸಮಯ ಅಲ್ಲೊಂದು ಇಲ್ಲೊಂದು ಸಿಗ್ತಿತ್ತು. ಈಗ ಅಲ್ಲಿಯೂ ಇಲ್ಲ. ಬೇರೆ ದೇಶಗಳಿಂದಲೂ ಇದೇ ಸುದ್ದಿ."

"ಅದಕ್ಕೆ ಯಾರು ಮದ್ದು ಕೊಟ್ರು?"

"ಯಾರೂ ಇಲ್ಲ. ಹೊಸದೇ ಅದನ್ನು ಓಡಿಸಿದ್ದು. ಮೂಡುಬಿದಿರೆ ರೂಟಿನ ಎರಡು ಎಕ್ಸ್‌ಪ್ರೆಸ್ ಬಸ್ಸು ನೆನಪು ಮಾಡಿ. ಮುಂದಿನದ್ದು ಎಲ್ಲ ಸ್ಟಾಪಿನ ಜನ ತುಂಬಿಸಿಕೊಂಡು ಹೋದ್ರೆ ಹಿಂದಿನದ್ದಕ್ಕೆ ಯಾರು ಸಿಗ್ತಾರೆ? ಹೊಸ ಜ್ವರ ಬಂದು ಹೋದವರ ಮೈಯಲ್ಲಿ ಹಳೆಯದಕ್ಕೂ ಸ್ವಲ್ಪ ತಡೆ ಬರ್ತದೆ ಅಂತ ಕಾಣ್ತದೆ. ಹಳೆಯದಕ್ಕೆ ಹತ್ತಲಿಕ್ಕೆ ಗಂಟಲೇ ಉಳಿಯಲಿಲ್ಲ. ಖಾಲಿ ಓಡಿ ಓಡಿ ನಿಂತುಬಿಟ್ಟಿತು."

ಜಗತ್ತನ್ನೆಲ್ಲ ಸುತ್ತುತ್ತಿದ್ದ ಒಂದು ಜಾತಿ ತಮ್ಮ ಕಣ್ಣೆದುರೇ ಮುಗಿದುಹೋಯಿತೇ ಎಂದು ಕುಸುಮರಿಗೆ ಸೋಜಿಗವಾಯಿತು. ಅದಕ್ಕಾಗಿ ಮರುಗಬೇಕೋ ಬೇಡವೋ ತಿಳಿಯಲಿಲ್ಲ.

"ಇನ್ನು ಎಂತ ಮಾಡ್ತೀ?" ಎಂದು ಕೇಳಿದರು.

"ಬಂಟ್ವಾಳದ ಆಚೆ ಒಬ್ಬರು ಹಂದಿ ಸಾಕ್ತಾರೆ. ಅವರ ಮನೆಯಲ್ಲೆಲ್ಲ ಜ್ವರ ಬಂದಿತ್ತು. ನಮ್ಮಿಂದ ಅದು ತಿರುಗಿ ಹಂದಿಗೆ ಹೋಗಿದೆಯಾ ನೋಡ್ಬೇಕು. ಹೋಗಿದ್ರೆ ಅಲ್ಲಿ ಪುನಃ ವೇಷ ಬದಲಿಸಬಹುದು. ಮರಿ ಹಿಡ್ಕೊಳ್ಳಿಕ್ಕೆ ಒಬ್ಬರು ಜನ ಬೇಕಿತ್ತು."

"ನಿನ್ನ ತಂದೆಗೆ ಗೊತ್ತುಂಟಾ, ಹಂದಿಯ ಕೆಲಸ ಅಂತ?"

"ಹೇಳಿದ್ದೇನೆ. ತಿನ್ಲಿಕ್ಕೆ ಅಲ್ವಲ್ಲ, ಕಲೀಲಿಕ್ಕೆ ಅಲ್ವಾ ಅಂದ್ರು. ಕೈ ಚೆನ್ನಾಗಿ ತೊಳ್ಕೊಂಡು ಬಾ ಅಂದ್ರು."

ಮುಂದಿನ ಆದಿತ್ಯವಾರ ಐವತ್ತು ದಾಟಿದ ಕುಸುಮ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಮುಖಕ್ಕೆ ಮಾಸ್ಕ್ ಬಿಗಿದು ಆ ಹಂದಿಗೂಡಿನೊಳಗೆ ಇಳಿದರು. ಮನೆಯವರು ಬೇಲಿಯ ಆಚೆ ನಿಂತು ಬಾಯಿಗೆ ಕೈ ಇಟ್ಟು ನಗುತ್ತಿದ್ದರು. ಗುಲಾಬಿ ಬಣ್ಣದ ಒಂದು ಮರಿ ಎರಡು ಸಲ ತಪ್ಪಿಸಿಕೊಂಡು ಕುಸುಮರನ್ನು ಕೆಸರಿನಲ್ಲಿ ಕೂರಿಸಿತು. ಮೂರನೆಯ ಸಲ ಅವರು ಅದನ್ನು ಎರಡೂ ತೋಳಿನಲ್ಲಿ ಅವುಚಿ ಹಿಡಿದರು. ಎದೆಗೆ ಒತ್ತಿದ ಆ ಬಿಸಿ ಮೈಯೊಳಗೆ ಹೃದಯ ಡಬಡಬ ಹೊಡೆದುಕೊಳ್ಳುತ್ತಿತ್ತು.

"ಹಾಗೇ ಹಿಡ್ಕೊಳ್ಳಿ ಮೇಡಂ, ಬಿಡ್ಬೇಡಿ" ಎಂದು ಶಿಫಾನಾ ಸೀಸೆಯ ಮುಚ್ಚಳ ತೆರೆದು, ಕಡ್ಡಿ ಹಿಡಿದು ಮುಂದೆ ಬಾಗಿದಳು.